ಉಪದೇಶಿಗಳ ಮನೆಗೆ ಬಂದ ಬಸುರಿ

ನಾನು ಮದುವೆಯಾಗಿ ಕಾಮಗೆರೆಗೆ ಬಂದಾಗ ನಮ್ಮ ಸೀಮೆ ಇನ್ನೂ ಮದರಾಸಿಗೆ ಸೇರಿತ್ತು. ಮಾವ ಊರಿನ ಚರ್ಚಿನ ಉಪದೇಶಿ. ಪಾದ್ರಿಗಳು ಬೇರೆ ಊರಿಗೆ ಹೋದ ಭಾನುವಾರ ಜಪ ಹೇಳಿಸಿ ನಾಲ್ಕು ಮಾತಾಡುವುದು ಅವರ ಕೆಲಸ. ನಾಲ್ಕು ಮಾತು ಎಂದರೂ ಅಷ್ಟರಲ್ಲಿ ಮಕ್ಕಳೆಲ್ಲ ಒಂದು ನಿದ್ದೆ ಮುಗಿಸಿರುತ್ತಿದ್ದವು. ಅತ್ತೆಗೆ ಮಾತು ಕಮ್ಮಿ, ನಡಿಗೆ ಜೋರು.

ಆ ವರ್ಷ ಶಾಗ್ಯದ ಕಡೆ ಹೆಂಗಸೊಬ್ಬಳು ಬಸುರು ಇಳಿಸಲು ಬೇರು ಅರೆದು ಕೊಡುತ್ತಾಳೆಂಬ ಸುದ್ದಿ ಹಬ್ಬಿತ್ತು. ಅದನ್ನು ಕುಡಿದ ಹುಡುಗಿಯೊಬ್ಬಳು ಸತ್ತೇ ಹೋಗಿದ್ದಳು. ಮಾವ ಭಾನುವಾರ ಎದ್ದು ನಿಂತು, ಹೊಟ್ಟೆಯೊಳಗಿನ ಜೀವ ದೇವರದು, ಅದರ ಮೇಲೆ ಕೈಮಾಡುವುದು ಮಹಾಪಾಪ ಎಂದು ಗುಡುಗಿದರು. ಎಲ್ಲರೂ ಆಮೆನ್ ಅಂದರು. ಅತ್ತೆಯೂ ಅಂದರು.

ಅದೇ ವಾರ ಹುರುಳಿ ತರಲೆಂದು ಶಾಗ್ಯಕ್ಕೆ ಹೋದ ಅತ್ತೆ ಹುರುಳಿ ತರಲಿಲ್ಲ. ಗಾಡಿಯಿಂದ ಒಬ್ಬ ಹುಡುಗಿಯ ಕೈಹಿಡಿದು ಇಳಿಸಿದರು. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಯವಳು, ಚಿಕ್ಕ ವಯಸ್ಸಿನ ವಿಧವೆ. ಬಸುರು ಮಾಡಿದವನು ಊರು ಬಿಟ್ಟಿದ್ದ. ಅಣ್ಣ ಇವಳನ್ನು ಬೇರಿನವಳ ಹತ್ತಿರ ಹೋಗೆಂದು ಅಟ್ಟಿದ್ದ. ಬೇರಿನವಳು ಮನೆಯಲ್ಲಿರಲಿಲ್ಲ. ಬಾವಿಕಟ್ಟೆಯ ಮೇಲೆ ಕಾದು ಕೂತಿದ್ದ ಹುಡುಗಿಯನ್ನು ಅತ್ತೆ ಮಾತಾಡಿಸಿ ಕರೆತಂದಿದ್ದರು.

"ಇದ್ಯಾರಮ್ಮಿ?" ಅಂದರು ಮಾವ.

"ಬಾನುವಾರ ಒಂದು ಜೀವದ್ ಮಾತು ಏಳುದ್ರಲ್ಲ, ಅದು ಬಂದದೆ. ಅದು ಉಳೀಬೇಕು ಅಂದ್ರೆ ಒತ್ಕಂಡಿರೋಳ್ಗೂ ಒಂದು ಜಾಗ ಬೇಕಲ್ಲ? ನಮ್ಮಟ್ಟೀಲೇ ಇರ್ಲಿ."

"ಜನ ಏನಂದಾರು?"

"ಅವ್ರೂ ಆಮೆನ್ ಅಂದೋರೇ ಅಲ್ವಾ?"

ಅತ್ತೆ ಹುಡುಗಿಯತ್ತ ತಿರುಗಿ, "ವಸಿ ದಿನ ಇರು ಕೂಸೆ. ಆಮೇಕೂ ಓಗ್ಬೇಕು ಅನ್ಸುದ್ರೆ ನಾನೇ ಗಾಡಿ ಅತ್ತುಸ್ತೀನಿ" ಅಂದರು.

ಹುಡುಗಿ ಕೈಮುಗಿದು ಮೂಲೆ ಸೇರುವವಳೆಂದುಕೊಂಡಿದ್ದೆ. ಹಾಗಾಗಲಿಲ್ಲ. ನಮ್ಮ ಪಾತ್ರೆಯಲ್ಲಿ ಬೇಯಿಸಿದ್ದು ಉಣ್ಣುವುದಿಲ್ಲ ಅಂದಳು. ಅತ್ತೆ ಹೊಸ ಮಡಕೆ ತಂದು, ಹಿತ್ತಲಲ್ಲಿ ಬೇರೆ ಒಲೆ ಹೂಡಿದರು. ಹನೂರು ಸಂತೆಯ ಒಣಮೀನಿನ ಸಾರು ಕುದಿಯುವಾಗ ಅವಳು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿ, "ನಿಮ್ಮಟ್ಟಿ ವಾಸ್ನೆಗೇ ಅರ್ದ ಜೀವ ಓಯ್ತದೆ ಕಣ್ರವ್ವ" ಅಂದಳು. ಅತ್ತೆ ಮೀನಿನ ಬುಟ್ಟಿಯನ್ನೇ ಎತ್ತಿ ಪಕ್ಕದ ಮನೆಗೆ ಕೊಟ್ಟುಬಿಟ್ಟರು.

ಮಾವನಿಗೆ ಒಣಮೀನಿಲ್ಲದೆ ಮುದ್ದೆ ಇಳಿಯದು. ಸ್ವಲ್ಪ ದಿನ ಸೊಪ್ಪಿನ ಸಾರಿನ ಮುಂದೆ ತಪಸ್ಸಿಗೆ ಕೂತಂತೆ ಕೂತರು. ಆಮೇಲೆ ಕಾಯಿಲೆಯವರಿಗೆ ಜಪ ಹೇಳಿಸಬೇಕೆಂದು ಪಕ್ಕದ ಮನೆಗೆ ಹೋಗತೊಡಗಿದರು. ಅಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ. ಒಂದು ಮಧ್ಯಾಹ್ನ ಅವರು ಅಲ್ಲಿಂದ ಬಂದು ನಮ್ಮ ಬಾಗಿಲು ದಾಟುತ್ತಲೇ ಹುಡುಗಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡು ಬಂದು, "ಉಪ್ದೇಸ ಅತ್ಲಾಗಿರ್ಲಿ ಸಾಮಿ, ವಸಿ ಬಾಯಿ ತೊಳ್ಕಂಡ್ ಬನ್ನಿ" ಅಂದಳು. ಮಾವ ಮೊದಲು ಕೆಂಪಾದರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹುಡುಗಿಯೂ ನಕ್ಕಳು. ಅವಳು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಗಾಡಿಯ ಮಾತನ್ನು ಅವಳು ಎತ್ತಲೇ ಇಲ್ಲ.

ನನಗಿನ್ನೂ ಮಕ್ಕಳಾಗಿರಲಿಲ್ಲ. ಬೇಡವೆಂದವಳಿಗೆ ಕೊಟ್ಟು ನನಗೆ ಕೊಡದ ದೇವರ ಮೇಲೆ ಒಳಗೊಳಗೇ ಸಿಟ್ಟಿತ್ತು. ಅವಳಿಗೆ ಅದು ಹೇಗೆ ತಿಳಿಯಿತೋ. ಒಂದು ದಿನ ರಾಗಿ ಬೀಸುವಾಗ ನನ್ನ ಕೈಯನ್ನು ಎಳೆದು ಹೊಟ್ಟೆಯ ಮೇಲಿಟ್ಟುಕೊಂಡು, "ನೋಡಕ್ಕ, ಎಂಗ್ ಒದೀತದೆ" ಅಂದಳು. ಕೂಸು ಒದೆಯಿತು. ಅವತ್ತು ರಾಗಿ ಅರ್ಧಕ್ಕೇ ನಿಂತಿತು.

ಊರಿನ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಚರ್ಚಿನಲ್ಲಿ ಅತ್ತೆಯ ಪಕ್ಕ ಕೂರದೆ ದೂರ ಸರಿದಿದ್ದ ಹೆಂಗಸರು ಒಬ್ಬೊಬ್ಬರಾಗಿ ಹಳೇ ಸೀರೆ, ಹರಳೆಣ್ಣೆ ಹಿಡಿದು ಬಂದರು. ಪಾದ್ರಿಗಳೂ ಬಂದು, ಜ್ಞಾನಸ್ನಾನದ ಯೋಚನೆ ಏನಾದರೂ ಉಂಟೇ ಎಂದು ಮೆಲ್ಲಗೆ ಕೇಳಿದರು.

"ನಂದೇವ್ರು ನಂಗಿರ್ಲಿ ಸಾಮಿ" ಅಂದಳು ಹುಡುಗಿ.

ಪಾದ್ರಿಗಳು ನಕ್ಕು, ಮಗುವಿನ ಹಣೆ ಮುಟ್ಟಿ ಹರಸಿ, ಅತ್ತೆ ಕೊಟ್ಟ ಮಜ್ಜಿಗೆ ಕುಡಿದು ಹೋದರು.

ಬಾಣಂತನ ಮುಗಿದ ಮೇಲೆ ಮಾವ ತಾವಾಗಿಯೇ ಕೊಟ್ಟಿಗೆಯ ಒಂದು ಬದಿ ತೆರವು ಮಾಡಿ ಮಗ್ಗಕ್ಕೆಂದು ಕುಣಿ ತೋಡಿಸಿದರು. ಕೊಳ್ಳೇಗಾಲದಿಂದ ಗಾಡಿಯಲ್ಲಿ ಹಳೆಯ ಮಗ್ಗವೊಂದನ್ನು ತಂದು ಹೂಡಿಸಿದರು. ಅವಳು ಕುಣಿಯಲ್ಲಿ ಕಾಲಿಳಿಬಿಟ್ಟು ನೇಯತೊಡಗಿದಳು. ಮಗು ನನ್ನ ಮಡಿಲಲ್ಲಿರುತ್ತಿತ್ತು.

ಮಗು ಅಂಬೆಗಾಲಿಡುವ ಹೊತ್ತಿಗೆ ಹುಡುಗಿಯ ತಾಯಿ, ಮಗನಿಗೆ ಹೇಳದೆ ಬಂದರು. ಅಂಗಳದಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಮಗಳು ಮಗ್ಗ ಬಿಟ್ಟು ಏಳಲೂ ಇಲ್ಲ. ಅತ್ತೆ ಮಗುವನ್ನು ಎತ್ತಿ ಮುದುಕಿಯ ಕೈಗೆ ಕೊಟ್ಟರು. ಮುದುಕಿ ತುಂಬ ಹೊತ್ತು ನೋಡಿ, "ಮೂಗು ನಮ್ ಕಡೇದೇಯ" ಅಂದರು. ಆಗ ಕೊಟ್ಟಿಗೆಯಿಂದ, "ನಿಂತೇ ಇದ್ದೀಯಲ್ಲವ್ವ, ಕೂತ್ಕೊ. ನನ್ ಒಲೇಲಿ ಅನ್ನ ಆಗ್ಯದೆ" ಎಂಬ ಮಾತು ಕೇಳಿಸಿತು.