ಬೀಸುಕಲ್ಲಿನ ದನಿ ರೇಡಿಯೋಕ್ಕೆ ಹೋದದ್ದು

ಎರಡನೆಯ ಮಹಾಯುದ್ಧದ ಸುದ್ದಿ ಕೇಳಲೆಂದು ನಮ್ಮ ಮಾವನವರು ರೇಡಿಯೋ ತಂದರು. ಕೊಪ್ಪಳದ ಬಜಾರದಲ್ಲಿ ನಮ್ಮದು ಅರಿವೆ ಅಂಗಡಿ, ಅದರ ಹಿಂದೆಯೇ ಮನೆ. ರೇಡಿಯೋ ನಡೆಯುವುದಕ್ಕೆ ದೊಡ್ಡದೊಂದು ಬ್ಯಾಟರಿ ಬೇಕಾಗಿತ್ತು. ಅದು ಸೋತಾಗಲೆಲ್ಲ ಚಕ್ಕಡಿಯಲ್ಲಿಟ್ಟು ಗಿರಣಿಗೆ ಒಯ್ದು ಚಾರ್ಜು ಮಾಡಿಸಿಕೊಂಡು ಬರಬೇಕು. ಗಂಡಸರು ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೇಳುತ್ತಿದ್ದರು. ಅತ್ತೆಯವರೂ ನಾನೂ ನಡುಬಾಗಿಲ ಪರದೆಯ ಹಿಂದೆ ನಿಂತು ಕೇಳುತ್ತಿದ್ದೆವು.

ಆಗ ಕೊಪ್ಪಳ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು; ಅಲ್ಲಿನ ಕೇಂದ್ರದಿಂದ ಬರುತ್ತಿದ್ದದ್ದು ಬಹುಮಟ್ಟಿಗೆ ಉರ್ದು. ಕನ್ನಡ ವಾರಕ್ಕೊಮ್ಮೆ, ಅದೂ ಸ್ವಲ್ಪ ಹೊತ್ತು. ಹಾಗೊಂದು ದಿನ ಯಾವುದೋ ಊರಿನ ಕೆರೆಯ ಬಗ್ಗೆ ನುಡಿಚಿತ್ರ ಬಂತು. ಕೆರೆ ಕಟ್ಟಿಸಿದವರ ಕತೆ, ಅಲ್ಲಿನ ಶಾಸನದ ಮಾತು, ನಡುನಡುವೆ ನೀರಿನ ಸಪ್ಪಳ, ಬೆಸ್ತರ ಮಾತುಕತೆ. ಇತಿಹಾಸವೆಂದರೆ ಬಾಯಿಪಾಠ ಮಾಡಬೇಕಾದ ರಾಜರ ಸಾಲು ಎಂದು ತಿಳಿದಿದ್ದ ನನಗೆ ಮೈ ಜುಮ್ಮೆಂದಿತು. ಒಂದು ಕೆರೆಗೆ ಇಷ್ಟು ಮಾತಿದ್ದರೆ ನಮ್ಮ ಊರಿಗೆ ಎಷ್ಟಿರಬೇಡ?

ನನ್ನ ತವರು ಕುಷ್ಟಗಿ. ಸಾಲೆಯಲ್ಲಿ ಕಲಿತದ್ದು ಉರ್ದುವಿನಲ್ಲಿ. ಕನ್ನಡವನ್ನು ಅಪ್ಪ ಮನೆಯಲ್ಲೇ ಕೂರಿಸಿಕೊಂಡು ಕಲಿಸಿದ್ದರು. ಆ ಕನ್ನಡದಲ್ಲೇ ಬರೆಯಲು ಕುಳಿತೆ. ಕೊಪ್ಪಳದ ಗುಡ್ಡದ ಬಂಡೆಯ ಮೇಲೆ ಬಹಳ ಹಿಂದಿನ ರಾಜನೊಬ್ಬ ಕೆತ್ತಿಸಿದ ಅಕ್ಷರಗಳಿವೆ. ನಾನು ಸಣ್ಣವಳಿದ್ದಾಗ ಪಂಡಿತರು ಬಂದು ಅದನ್ನು ಓದಿ ಹೇಳಿದ್ದರಂತೆ. ಅಲ್ಲಿಂದ ಸುರು ಮಾಡಿದೆ. ಆದರೆ ಬರೆಯುತ್ತ ಹೋದಂತೆ ರಾಜ ಹಿಂದೆ ಉಳಿದ. ಗುಡ್ಡದ ಕೆಳಗೆ ಹೊಲಕ್ಕೆ ಹೋದ ಹೆಂಗಸರು, ನೀರು ಹೊತ್ತವರು, ನಸುಕಿನಲ್ಲಿ ಎದ್ದು ಜೋಳ ಬೀಸಿದವರು ಮುಂದೆ ಬಂದು ಕುಳಿತರು. ನನ್ನವರು ಓದಿ ನೋಡಿ, ಲಕೋಟೆಗೆ ಹಾಕಿ, ರೇಡಿಯೋ ಕೇಂದ್ರದ ವಿಳಾಸ ಬರೆದು ಟಪಾಲಿಗೆ ಕೊಟ್ಟರು.

ಕೆಲವು ವಾರಗಳ ಮೇಲೆ ರೇಡಿಯೋದವನೇ ಮನೆಗೆ ಬಂದ. ಕನ್ನಡ ವಿಭಾಗದ ತರುಣ; ಧಾರವಾಡದಿಂದ ಹೈದರಾಬಾದಿಗೆ ಮರಳುವಾಗ ಕೊಪ್ಪಳದಲ್ಲಿ ಇಳಿದಿದ್ದ. "ಬರದದ್ದು ಭಾಳ ಛಲೋ ಐತ್ರಿ. ನೀವ ಬಂದು ಓದಬೇಕು. ಬೀಸೋ ಪದ ಮಾತ್ರ ಖರೇನ ಹಾಡೋರು ಬೇಕು" ಎಂದ. ಅಡಿಗೆಮನೆಯ ಕಡೆಯಿಂದ ಬೀಸುಕಲ್ಲಿನ ಸಪ್ಪಳದ ಜೊತೆ ಅತ್ತೆಯವರ ದನಿ ಬರುತ್ತಿತ್ತು. ಅವನು ಮಾತು ನಿಲ್ಲಿಸಿ ಕಿವಿಗೊಟ್ಟ. "ಇವರು ಯಾರ್ರಿ?" ಎಂದು ಕೇಳಿದ.

ಅತ್ತೆಯವರ ತವರು ಬೇವೂರು. ಕರಿಮಣ್ಣಿನ ಎರೆ ಹೊಲದ ಊರಿನ ಗಟ್ಟಿ ದನಿ ಅವರದು. ಅವರೂ ಹೈದರಾಬಾದಿಗೆ ಬರಬೇಕೆಂಬ ಮಾತು ಎದ್ದಾಗ ಮಾವನವರ ಮುಖ ಬಿಗಿಯಿತು.

"ನಮ್ಮ ಮನಿ ಹೆಣ್ಮಕ್ಕಳ ದನಿ ಬಜಾರದಾಗ ಕೇಳಬೇಕೇನು?"

ಅತ್ತೆಯವರು ಕೈಯ ಹಿಟ್ಟು ಜಾಡಿಸಿಕೊಳ್ಳುತ್ತ ಬಾಗಿಲಿಗೆ ಬಂದರು. "ದಿನಾ ಮುಂಜಾನಿ ನಾ ಬೀಸೋದು ಇಡೀ ಓಣಿಗೆ ಕೇಳತೈತಿ. ಇಷ್ಟು ವರ್ಷ ಅದು ಬಜಾರಕ್ಕ ಹೋಗಿಲ್ಲೇನ್ರಿ? ಈಗ ಇನ್ನಷ್ಟು ದೂರ ಹೋಗತೈತಿ, ಅಷ್ಟ."

ಮಾವನವರು ಅಂಗಡಿಗೆ ಎದ್ದು ಹೋದರು. ಮರುದಿನ ನನ್ನವರನ್ನು ಕರೆದು, "ರೈಲಿನಾಗ ಇಬ್ಬರಿಗೂ ಕಿಡಕಿ ಕಡೆ ಜಾಗಾ ನೋಡು" ಎಂದರು. ಅದೇ ಅವರ ಒಪ್ಪಿಗೆ.

ಅತ್ತೆಯವರು ಅಲ್ಲಿಯವರೆಗೆ ರೈಲು ಹತ್ತಿದವರಲ್ಲ. ರೊಟ್ಟಿ, ಚಟ್ನಿಪುಡಿಗಳ ಜೊತೆ ಬೇವೂರಿನ ಜೋಳದ ಗಂಟನ್ನೂ ಕಟ್ಟಿಕೊಂಡರು. ಪರವೂರಿನ ಹಿಟ್ಟು ಹೇಗಿರುತ್ತದೋ ಎಂಬ ಸಂಶಯ ಅವರಿಗೆ. ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ನನ್ನವರು ಆ ಗಂಟು ಹೊತ್ತು ಬೇಸತ್ತರು. ಅತ್ತೆಯವರು ಮಾತ್ರ ರಾಯಚೂರು ದಾಟುವವರೆಗೂ ಕಿಟಕಿ ಬಿಟ್ಟು ಅಲುಗಲಿಲ್ಲ. ಕಂಡ ಹೊಲಗಳ ಬೆಳೆಗೆಲ್ಲ ಹೆಸರು ಹೇಳುತ್ತ ಬಂದರು.

ರೇಡಿಯೋ ಕೇಂದ್ರದ ಮೇಲಧಿಕಾರಿ ಶೇರವಾನಿ ತೊಟ್ಟ ಹಿರಿಯರು. ಅವರಿಗೆ ಕನ್ನಡ ಬಾರದು. ನನ್ನ ಬರಹದ ಸಾರಾಂಶವನ್ನು ಉರ್ದುವಿನಲ್ಲಿ ಕೇಳಿಸಿಕೊಂಡು ಹುಬ್ಬೇರಿಸಿದರು. "ರಾಜನದು ಎರಡೇ ಮಾತು. ಉಳಿದದ್ದೆಲ್ಲ ಹೆಂಗಸರದು. ಇದರಲ್ಲಿ ಇತಿಹಾಸ ಎಲ್ಲಿದೆ?"

ತರುಣ ನನ್ನ ಕಡೆ ನೋಡಿದ. ಸಾಲೆಯಲ್ಲಿ ಕಲಿತ ಉರ್ದು ಆಗ ನನ್ನ ಕೈ ಹಿಡಿಯಿತು. "ಸಾಹೇಬರೇ, ರಾಜ ಬಂಡೆಯ ಮೇಲೆ ಬರೆಸಿ ಹೋದ. ಅದನ್ನು ಕೆತ್ತಿದವನಿಗೆ ರೊಟ್ಟಿ ಮಾಡಿ ಹಾಕಿದವಳು ನಮ್ಮೂರಲ್ಲೇ ಉಳಿದಳು. ಇಗೋ, ಇವತ್ತು ನಿಮ್ಮ ಮುಂದೆ ಕುಳಿತಿದ್ದಾಳೆ" ಎಂದು ಅತ್ತೆಯವರನ್ನು ತೋರಿಸಿದೆ. ಅವರಿಗೆ ಭಾಷೆ ತಿಳಿಯದಿದ್ದರೂ, ತಮ್ಮದೇ ಮಾತು ನಡೆದಿದೆ ಎಂದರಿತು ಸೆರಗು ಸರಿ ಮಾಡಿಕೊಂಡು ನೆಟ್ಟಗೆ ಕುಳಿತರು. ಸಾಹೇಬರು ಜೋರಾಗಿ ನಕ್ಕು ಕಾಗದಕ್ಕೆ ಸಹಿ ಹಾಕಿದರು.

ತೊಡಕು ಬಂದದ್ದು ತಾಲೀಮಿನಲ್ಲಿ. ಹಾರ್ಮೋನಿಯಂ ಜೊತೆ ಹಾಡಿಸಲು ನೋಡಿದರು. ಅತ್ತೆಯವರು ಒಂದು ನುಡಿ ಹಾಡಿ ನಿಲ್ಲಿಸಿಬಿಟ್ಟರು. "ಕೈಯಾಗ ಕಲ್ಲಿನ ಗೂಟ ಇಲ್ಲದ ನನಗ ಪದ ಬರಂಗಿಲ್ಲಪಾ. ಕಲ್ಲು ತಿರಗಿದ್ರ ಪದ ತಾನ ಬರತೈತಿ."

ರೇಡಿಯೋ ಕೇಂದ್ರದಲ್ಲಿ ಬೀಸುಕಲ್ಲು ಎಲ್ಲಿಂದ ಬರಬೇಕು? ತರುಣ ಹೊರಗೆ ಓಡಿದ. ಎದುರಿನ ಓಣಿಯಲ್ಲಿ ಅಡಿಗೆ ಮಾಡುವವಳೊಬ್ಬಳ ಮನೆಯಿಂದ ಇಬ್ಬರು ಜವಾನರು ಕಲ್ಲು ಹೊತ್ತು ತಂದರು. ಮೆತ್ತನೆಯ ಜಮಖಾನೆ ಹಾಸಿದ ಆ ಕೋಣೆಯಲ್ಲಿ, ಪಿಯಾನೋದ ಪಕ್ಕದಲ್ಲಿ, ಬೀಸುಕಲ್ಲು ಇಳಿಯಿತು. ಅತ್ತೆಯವರು ಕಲ್ಲನ್ನು ಕೈಯಿಂದ ಒರೆಸಿ ನೋಡಿ, "ಹಲ್ಲು ಸವದಾವ, ಇರಲಿ" ಎಂದರು. ಗಂಟು ಬಿಚ್ಚಿ ಜೋಳ ಸುರಿದುಕೊಂಡರು. ಕಲ್ಲಿನ ಗುಡುಗು ಜಾಸ್ತಿಯಾಯಿತೆಂದು ಇಂಜಿನಿಯರ್ ಗಾಜಿನ ಆಚೆಯಿಂದ ಕೈ ಮಾಡಿದಾಗ ಅಡಿಯಲ್ಲಿ ಕಂಬಳಿ ಮಡಚಿ ಹಾಕಿದರು. ಅಷ್ಟರಲ್ಲಿ ಪ್ರಸಾರದ ಹೊತ್ತಾಯಿತು. ಕೆಂಪು ದೀಪ ಹತ್ತಿತು.

ಆಗೆಲ್ಲ ಮೊದಲೇ ಹಿಡಿದಿಟ್ಟು ಕೇಳಿಸುವ ಅನುಕೂಲ ಅಲ್ಲಿರಲಿಲ್ಲ. ಆಡಿದ ಮಾತು ಆಡಿದ ಕ್ಷಣವೇ ಊರೂರಿಗೆ ಹೋಗುತ್ತಿತ್ತು. ಮೊದಲ ಸಾಲನ್ನು ಅವಸರದಲ್ಲಿ ಓದಿಬಿಟ್ಟೆ. ಗುಡ್ಡದ ಹೆಸರು ಬಂದಾಗ ಧೈರ್ಯ ಬಂತು. ನಮ್ಮೂರ ಗುಡ್ಡ, ನಮ್ಮೂರ ಬಂಡೆ; ನಾನು ಯಾರಿಗೆ ಹೆದರಬೇಕು? ನನ್ನ ಮಾತು ಮುಗಿದದ್ದೇ ಕಲ್ಲು ತಿರುಗಿತು. ಅತ್ತೆಯವರು ಎಂದಿನ ಪದಗಳನ್ನು ಹಾಡಿದರು. ಆಮೇಲೆ ನಾನು ಎಂದೂ ಕೇಳಿರದ ನುಡಿಯೊಂದು ಬಂತು.

ಬೇವೂರ ಎರಿಯಾಗ ಬೆಳೆದಂಥ ಬಿಳಿಜ್ವಾಳ
ಬೀಸೀದ ದನಿಯು ಪಟ್ಟಣಕ – ಬಂದೈತಿ
ಕೇಳಲಿ ನನ್ನ ತವರವರು

ಅಲ್ಲೇ, ಆ ಗಳಿಗೆಯಲ್ಲೇ ಕಟ್ಟಿದ್ದರು. ತರುಣ ಕಣ್ಣೊರೆಸಿಕೊಳ್ಳುತ್ತಲೇ ಸಾಕೆಂದು ಸನ್ನೆ ಮಾಡಿದ. ಅತ್ತೆಯವರು ಅತ್ತ ನೋಡಲೇ ಇಲ್ಲ. ಉರ್ದು ವಾರ್ತೆ ಓದುವವರು ಬಾಗಿಲಲ್ಲಿ ಚಡಪಡಿಸುತ್ತ ನಿಂತಿದ್ದರು. ಹಾಕಿದ ಕಾಳು ಪೂರ್ತಿ ಹಿಟ್ಟಾದ ಮೇಲೆಯೇ ಕಲ್ಲು ನಿಂತಿತು. ದೀಪ ಆರಿದ ಮೇಲೆ, "ಕಲ್ಲಿನ ಬಾಯಾಗ ಕಾಳು ಬಿಟ್ಟು ಹ್ಯಾಂಗ ಏಳಲಿ?" ಎಂದು ಅವರೇ ನಮ್ಮನ್ನು ಕೇಳಿದರು. ಬಂದ ಹಿಟ್ಟನ್ನೆಲ್ಲ ಕಲ್ಲು ಕೊಟ್ಟವಳಿಗೆ ಕಳಿಸಿದರು.

ನಾವು ಕೊಪ್ಪಳದ ಟೇಶನ್ನಿನಲ್ಲಿ ಇಳಿದಾಗ ಮಾವನವರೇ ಬಂದು ನಿಂತಿದ್ದರು. ಜೊತೆಗೆ ಅತ್ತೆಯವರ ಅಣ್ಣಂದಿರು. ಮಾವನವರು ಬೇವೂರಿಗೆ ಆಳು ಕಳಿಸಿ ಅವರನ್ನು ಮುಂಚೆಯೇ ಕರೆಸಿದ್ದರಂತೆ. ರೇಡಿಯೋವನ್ನು ಒಳಗಿನಿಂದ ತಂದು ಕಟ್ಟೆಯ ಅಂಚಿನಲ್ಲಿಟ್ಟು, ಬಜಾರಕ್ಕೆ ಬಂದವರನ್ನೆಲ್ಲ ಕೂಗಿ ಕೂರಿಸಿದ್ದರಂತೆ. ದೊಡ್ಡಣ್ಣ ತಂಗಿಯ ಕೈ ಹಿಡಿದು, "ನಮ್ಮೂರ ಹೆಸರ ಹೇಳಿದ್ಯಲ್ಲವಾ, ಅಷ್ಟ ದೂರ ಹೋಗಿ!" ಎಂದ. ಮಾವನವರು ಅತ್ತೆಯವರ ಗಂಟು ತಾವೇ ತೆಗೆದುಕೊಂಡು, "ಬಜಾರ ಪೂರಾ ಕೇಳ್ಯದ. ಯಲಬುರ್ಗಾ ಕಡಿ ಮಂಗಳೂರಿಂದ ಗಿರಾಕಿ ಬಂದಿದ್ರು, ಅವರೂ ಕೇಳ್ಯಾರ" ಎಂದರು. ಅಂದು ಅವರು ಬಜಾರದಲ್ಲಿ ಎದೆಯೆತ್ತಿ ನಡೆದ ರೀತಿಯನ್ನು ನಾನು ಬೇರೆ ಯಾವ ದಿನವೂ ಕಾಣಲಿಲ್ಲ.

ಆಮೇಲೆ ನಮ್ಮ ಪರದೆಯ ಹಿಂದಿನ ಜಾಗ ಸಾಲದಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಸಂತೆಗೆ ಬಂದ ಹೆಂಗಸರು ಅಂಗಡಿ ಹೊಕ್ಕು, ಅರಿವೆ ನೋಡುವ ನೆಪದಲ್ಲಿ ನನ್ನನ್ನು ಕೇಳುತ್ತಿದ್ದರು. "ನಮ್ಮೂರ ಹಳೇ ಬಾವಿ ಕತಿ ಬರೀತೀರೇನ್ರಿ?" "ನಮ್ಮವ್ವಗ ಕೌದಿ ಹೊಲಿಯೋ ಪದ ಬರತಾವ, ಕೇಳ್ರಿ." ನಾನು ಬರೆದೆ, ಕಳಿಸಿದೆ. ಕೆಲವು ಹಾಗೆಯೇ ಮರಳಿ ಬಂದವು, ಕೆಲವು ರೇಡಿಯೋದಲ್ಲಿ ಬಂದವು. ಸಂಸ್ಥಾನದ ಕೊನೆಯ ದಿನಗಳಲ್ಲಿ ಗಲಾಟೆ ಹೆಚ್ಚಿ ರೈಲಿನ ಓಡಾಟವೇ ಕಷ್ಟವಾಗುವವರೆಗೆ ಆ ಕೆಲಸ ನಡೆಯಿತು.

ಅದಕ್ಕೆ ಮೊದಲಿನ ಒಂದು ಸುಗ್ಗಿಯಲ್ಲಿ ಭತ್ತ ಕುಟ್ಟುವವರ ಬಗ್ಗೆ ಬರೆಯಲೆಂದು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಹೋದೆವು. ಒನಕೆ ಹಿಡಿದ ಹೆಂಗಸರು ನನ್ನ ಕಾಗದ, ಪೆನ್ಸಿಲು ನೋಡಿ ಸಂಕೋಚಪಟ್ಟು ಬಾಯಿ ಬಿಡಲಿಲ್ಲ. ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೊಂದು ಒನಕೆ ಎತ್ತಿಕೊಂಡರು.

"ಹೆದರಬ್ಯಾಡ್ರೆವ್ವಾ. ರೇಡಿಯೋ ಪೆಟ್ಟಿಗಿ ಮುಂದ ಕುಂತಾಗ ಗಂಡಸರು ಕೈಸನ್ನಿ ಮಾಡ್ತಾರ, ದೀಪ ಹಚ್ತಾರ. ಅದನ್ನ ನೋಡಬ್ಯಾಡ್ರಿ. ಕೆಲಸ ನೋಡ್ಕೊಂತ ಹಾಡ್ರಿ" ಎಂದು ಒನಕೆ ಹಾಕಿದರು. ಹೆಂಗಸರು ನಗುತ್ತ ಜೊತೆಗೂಡಿದರು. ನಾನು ಭತ್ತದ ಹೊಟ್ಟಿನಲ್ಲೇ ಕುಳಿತು ಬರೆಯತೊಡಗಿದೆ.