ಮತ್ಸ್ಯಕನ್ಯೆಯ ಕೈಯಂಗಿ

ಮೀನಿಗೆ ಕೈಯೇ ಇರುವುದಿಲ್ಲವಲ್ಲ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಹೊಸ ಸೊಸೆಯ ಮಾತು ಯಾರು ಕೇಳುತ್ತಾರೆ? ಘೋಡಗೇರಿಯಿಂದ ಬರುತ್ತಿದ್ದ ನಾಟಕದ ಮಾಸ್ತರರು ಯಾವುದೋ ಬೆಂಕಿಪೆಟ್ಟಿಗೆಯ ಮೇಲೆ ಸೊಂಟದ ಕೆಳಗೆ ಮೀನಾಗಿದ್ದ ಹೆಣ್ಣಿನ ಚಿತ್ರ ನೋಡಿಬಿಟ್ಟಿದ್ದರು. ಆ ವರ್ಷ ಮೂಡಲಗಿಯಲ್ಲಿ ಆಡುವ ಆಟದಲ್ಲಿ ಒಬ್ಬ ಮತ್ಸ್ಯಕನ್ಯೆ ಬರಲೇಬೇಕು, ಅವಳ ಬೆರಳುಗಳ ನಡುವೆ ಬಾತುಕೋಳಿಯ ಕಾಲಿಗಿರುವಂಥ ತೆಳು ಪರದೆ ಇರಲೇಬೇಕು ಎಂದು ಅವರ ಹಟ. ಮತ್ಸ್ಯಕನ್ಯೆಯ ಪಾತ್ರ ನಮ್ಮವರದು. ಪರದೆ ಹೊಲಿಯುವ ಕೆಲಸ ನನ್ನದು.

ನಮ್ಮವರು ಹಗಲು ಗಿರಣಿಯಲ್ಲಿ ದುಡಿದು, ಸಂಜೆ ತಾಲೀಮಿಗೆ ಹೋಗಿ ಹೆಣ್ಣು ಪಾತ್ರ ಕಲಿಯುತ್ತಿದ್ದರು. ಗೋಕಾಕದಲ್ಲಿ ನೀರಿಗೆ ಹೋದರೂ ಅದೇ ಮಾತು, ಸಂತೆಗೆ ಹೋದರೂ ಅದೇ ಮಾತು. "ನಿನ್ನ ಗಂಡ ಸೀರಿ ಉಟ್ಟು ನಿಂತ್ರ ನಮಗ ನಾಚಿಕಿ ಬರಬೇಕು ನೋಡವಾ!" ಊರೆಲ್ಲ ನೋಡಿತ್ತು. ನಾನೊಬ್ಬಳು ನೋಡಿರಲಿಲ್ಲ. ಹುಕ್ಕೇರಿಯಿಂದ ಮದುವೆಯಾಗಿ ಬಂದು ವರ್ಷವಾಗುತ್ತ ಬಂದಿತ್ತು. ಆಟ ನೋಡುವ ಮಾತೆತ್ತಿದರೆ ಸಾಕು, ಮನೆ ಕಾಯುವವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಈ ಸಲ ಅತ್ತೆ ತಾವಾಗಿಯೇ ಹೇಳಿದರು. "ಕೈಯಂಗಿ ಚೊಲೊ ಹೊಲಿ. ನೀನೂ ಗಾಡ್ಯಾಗ ಮೂಡಲಗಿಗೆ ಬರೂವಂತಿ." ಆ ಕೈಗವಸಿಗೆ ಕೈಯಂಗಿ ಎಂದು ಹೆಸರಿಟ್ಟವರೂ ಅವರೇ. ನಾನು ಕುಣಿದುಬಿಟ್ಟೆ. ಒಳಮನೆಯಲ್ಲಿ, ಯಾರೂ ಇಲ್ಲದಾಗ.

ಆದರೆ ಕೈಯಂಗಿ ಹೊಲಿಯಲು ಕೈ ಬೇಕಲ್ಲ! ಅದೊಂದನ್ನು ಮಾತ್ರ ಯಾರೂ ಕೊಡಲಿಲ್ಲ. ಹಿರಿಯರಿದ್ದ ಮನೆಯಲ್ಲಿ ನಾನು ಗಂಡನ ಜೊತೆ ಮಾತಾಡುವಂತೆಯೇ ಇರಲಿಲ್ಲ, ಇನ್ನು ಕೈ ಹಿಡಿದು ಅಳತೆ ತೆಗೆಯುವುದು ಎಲ್ಲಿಂದ ಬಂತು? ಎರಡೇ ಕೋಣೆಯ ಮನೆ. ಮಲಗುವುದೂ ನಾನು ಅತ್ತೆಯ ಪಕ್ಕ, ಅವರು ಪಡಸಾಲೆಯಲ್ಲಿ ಮಾವನವರ ಪಕ್ಕ. ಅತ್ತೆಯ ಕೈಗೆ ಒಂದು ದಾರ ಕೊಟ್ಟು, ಇದನ್ನು ಅವರ ಬೆರಳಿಗೆ ಹಿಡಿದು ಗಂಟು ಹಾಕಿಕೊಂಡು ಬನ್ನಿ ಎಂದೆ. "ದಾರ ಹಿಡದು ಅಳಿಯೂದು ಹೆಣಕ್ಕ, ಬದುಕಿದ್ದವರಿಗೆ ಯಾರರ ಹಿಡಿತಾರೇನ? ಬಾಯಿ ತೊಳಕೊ!" ಎಂದು ಗದರಿಬಿಟ್ಟರು.

ನಮ್ಮದು ಗೊಂಬೆ ಮಾಡುವ ಮನೆ. ಮಾವನವರು ಹಗುರ ಕಟ್ಟಿಗೆ ಕೆತ್ತಿ, ಹುಣಸೆ ಬೀಜದ ಅಂಟು ಸವರಿ, ಬಣ್ಣ ಹಚ್ಚಿ ದೇವರು, ಗಿಳಿ, ಬಾಳೆಹಣ್ಣು ಎಲ್ಲ ಮಾಡುತ್ತಿದ್ದರು. ಆ ಮನೆಯಲ್ಲಿ ಅಳೆಯುವ ಪಟ್ಟಿ ಎಂಬುದೊಂದು ಇರಲಿಲ್ಲ. ಏನಿದ್ದರೂ ಗೇಣು, ಬೆರಳು. ಅತ್ತೆ ಪಡಸಾಲೆಗೆ ಹೋಗಿ ಮಗನ ಕೈ ಅಳೆದು ಬಂದರು. "ಮಣಿಕಟ್ಟಿನಿಂದ ನಡುಬೆರಳ ತುದಿ ತನಕ ಬರೋಬ್ಬರಿ ಒಂದು ಗೇಣು." ನಾನು ಒಂದು ಗೇಣು ಹಿಡಿದು ತೆಳು ಹತ್ತಿಯ ಹಳೆಯ ಮಲ್ಲಿನ ಬಟ್ಟೆ ಕತ್ತರಿಸಿದೆ. ಅತ್ತೆಯದು ರೊಟ್ಟಿ ಬಡಿದು ಬಡಿದು ಮೊರದಗಲ ಆದ ಕೈ. ನನ್ನದು ಹದಿನಾರರ ಹುಡುಗಿಯ ಕೈ. ನಾಲ್ಕು ದಿನ ಕೂತು ಹೊಲಿದದ್ದು ನಮ್ಮವರ ಅಂಗೈ ಮುಚ್ಚುವ ಮೊದಲೇ ಸಿಕ್ಕಿಹಾಕಿಕೊಂಡಿತಂತೆ. ಅಂತೆ ಎನ್ನುವುದೇಕೆಂದರೆ ಅವರು ಹಾಕಿ ನೋಡಿದ್ದು ಪಡಸಾಲೆಯಲ್ಲಿ, ನಾನಿದ್ದದ್ದು ಒಲೆಯ ಮುಂದೆ.

"ಹಿಂಗ್ಯಾಕ ಹೊಲದಿ? ಅವ ಏನ್ ತೊಟ್ಟಿಲ ಕೂಸೇನ?" ಎಂದರು ಅತ್ತೆ.

"ನೀವು ಅಳದದ್ದು ನಿಮ್ಮ ಗೇಣಿನ್ಯಾಗ್ರಿ ಅತ್ತಿ, ನಾ ಕತ್ತರಿಸಿದ್ದು ನನ್ನ ಗೇಣಿನ್ಯಾಗ."

"ಗೇಣಂದ್ರ ಗೇಣು. ನಿಂದೊಂದು ನಂದೊಂದು ಬ್ಯಾರೆ ಇರತೈತೇನ?"

ಅಯ್ಯ ಶಿವನೆ, ಏನು ಹೇಳುವುದು ಇಂಥವರಿಗೆ!

ಎರಡನೆಯ ಸಲ ಮಾವನವರೇ ಅಳೆದು, ಪಡಸಾಲೆಯಿಂದಲೇ "ಹನ್ನೆರಡು ಬೆರಳು" ಎಂದು ಕೂಗಿದರು. ಅಷ್ಟರಲ್ಲಿ ನನಗೆ ಬುದ್ಧಿ ಬಂದಿತ್ತು. ಅವರ ಬೆರಳು ದಪ್ಪ, ನನ್ನವು ಸಣ್ಣವು ಎಂದು ಎರಡು ಬೆರಳು ಹೆಚ್ಚಿಗೆ ಹಿಡಿದೆ. ಆದರೆ ಅವರಿಗೂ ಬುದ್ಧಿ ಬಂದಿತ್ತು. ಸೊಸೆಯ ಬೆರಳು ಸಣ್ಣವೆಂದು ತಾವೇ ಮೊದಲು ಎರಡು ಸೇರಿಸಿ ಹೇಳಿದ್ದರು. ಸಾಲದ್ದಕ್ಕೆ ಪರದೆ ಬಿರುಸಾಗಿ ನಿಲ್ಲಲೆಂದು ನಾನು ಗೊಂಬೆಯ ಅಂಟನ್ನು ಬೇರೆ ಸವರಿದ್ದೆ. ಬಿಸಿಲಿಗೆ ಒಣಗಿಸಿ ಕೊಟ್ಟರೆ ಒಳಗೆ ಕೈ ಜೋಲಾಡಿತು, ಬೆರಳಿನ ತುದಿಗಳು ಸುಟ್ಟ ಹಪ್ಪಳದಂತೆ ಮುರುಟಿ ನಿಂತವು. ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ನಮ್ಮವರೂ ನಕ್ಕರು! ನನ್ನ ತಲೆ ಕೆಟ್ಟು ಕೆರ ಹಿಡಿದದ್ದು ಅದಕ್ಕೇ. ಅಕಿಗೆ ಒಂದು ಸಲ ಅಳತಿ ತಗೊಳ್ಳಾಕ ಬಿಡ್ರಿ ಎಂದು ಬಾಯಿಬಿಟ್ಟು ಹೇಳಲು ಏನಾಗಿತ್ತು ಆ ಗಂಡಸಿಗೆ? ಮಂದಿಯ ಮುಂದೆ ಹೆಣ್ಣಾಗಿ ಪುಟಗಟ್ಟಲೆ ಮಾತಾಡುತ್ತಿದ್ದವರಿಗೆ ಮನೆಯಲ್ಲಿ ಒಂದು ಮಾತು ಹೊರಡಲಿಲ್ಲ.

ಆಟಕ್ಕೆ ಎರಡೇ ದಿನ ಉಳಿದವು. ಮಲ್ಲಿನ ಬಟ್ಟೆ ತೀರಿತ್ತು. ತವರಿನಲ್ಲಿ ಕೊಟ್ಟ ತೆಳ್ಳನೆಯ ಹಸಿರು ಸೀರೆಯೊಂದು ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನೇ ಕತ್ತರಿಸಬೇಕು, ಅದೂ ಹಾಳಾದರೆ ಸೀರೆಯೂ ಹೋಯಿತು, ಮೂಡಲಗಿಯೂ ಹೋಯಿತು. ಬೆಳಿಗ್ಗೆ ಮಾವನವರು, ನಮ್ಮವರು ಪಕ್ಕಪಕ್ಕದಲ್ಲಿ ಊಟಕ್ಕೆ ಕೂತಿದ್ದರು. ಅತ್ತೆ ಬಡಿಸುತ್ತಿದ್ದರು. ನಾನು ಆ ಸೀರೆ ಮತ್ತು ಒಂದು ಚೂರು ಇದ್ದಿಲು ಹಿಡಿದು ಹೊರಗೆ ಬಂದವಳೇ ಸೆರಗನ್ನು ನೆಲಕ್ಕೆ ಹಾಸಿದೆ. ನಮ್ಮವರ ಎಡಗೈಯನ್ನು ಗಪ್ಪನೆ ಹಿಡಿದು, ಅದರ ಮೇಲೆ ಅಗಲಿಸಿ ಇಟ್ಟು, ಒಂದೊಂದೇ ಬೆರಳಿನ ಸುತ್ತ ಗೆರೆ ಎಳೆದೆ. ಅಷ್ಟು ಸಿಟ್ಟು ಬಂದಿತ್ತು ನನಗೆ. ಮಾವನವರು ತಾಟು ಸರಿಸಿ ಎದ್ದು ಹೋದರು.

ಈ ಸಲ ಕೈಯಂಗಿ ಕೂತಿತು. ಬೆರಳು ಮಡಿಸಿದರೆ ಪರದೆ ಮಡಿಯುತ್ತಿತ್ತು, ಅಗಲಿಸಿದರೆ ತಾನೂ ಬಿಚ್ಚಿಕೊಳ್ಳುತ್ತಿತ್ತು. ಮಾಸ್ತರರು ಮನೆಗೇ ಬಂದು, "ಇದನ್ನ ಯಾರ ಹೊಲದಾರ್ರಿ?" ಎಂದು ಕೇಳಿದರು. "ಮನ್ಯಾಗ ಹೊಲದಾರ್ರಿ" ಎಂದರು ಮಾವನವರು. ಅಲ್ಲಿಗೆ ಮುಗಿಯಿತು ನನ್ನ ಹೆಸರು.

ಆಟದ ದಿನ ಮಧ್ಯಾಹ್ನ ಗಾಡಿ ಕಟ್ಟಿದರು. ನಮ್ಮವರು ಬೆಳಿಗ್ಗೆಯೇ ಮಾಸ್ತರರ ಜೊತೆ ಹೋಗಿದ್ದರು. ನಾನು ತಲೆ ಬಾಚಿ, ಬುತ್ತಿಯ ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅತ್ತೆ ಬಂದು ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನೀ ಬರೂದು ಬ್ಯಾಡ. ಮಾವನ ಮುಂದ ಗಂಡನ ಕೈ ಹಿಡಿಯೂವಾಕಿ, ನಾಲ್ಕು ಮಂದ್ಯಾಗ ಇನ್ನೇನ್ ಮಾಡ್ತಿಯೋ!"

"ಹಿಡೀಲಿಲ್ಲಂದ್ರ ಕೈಯಂಗಿ ಆಗತಿತ್ತೇನ್ರಿ?"

ಅವರು ಗಾಡಿ ಹತ್ತಿಯಾಗಿತ್ತು. ನಾನು ಬಾಗಿಲು ಹಾಕಿಕೊಂಡು ಗಳಗಳ ಅಳುತ್ತ ಕೂತೆ.

ಮರುದಿನ ಮಧ್ಯಾಹ್ನ ಗಾಡಿ ತಿರುಗಿ ಬಂತು. ಅತ್ತೆ ಕಾಲು ಕೂಡ ತೊಳೆಯದೆ ಒಲೆಯ ಮುಂದೆ ಬಂದು ಕೂತರು. ಹೇಳದೆ ಇರಲು ಅವರಿಂದ ಆಗುತ್ತಿರಲಿಲ್ಲ. "ಹಿಂಗ ಕೈ ಎತ್ತಿದ ನೋಡು. ಗ್ಯಾಸಬತ್ತಿ ಬೆಳಕು ಬೆರಳ ಸಂದಿನ್ಯಾಗ ಹಸರಾಗಿ ಹಾದು ಬಂತು. ಮಂದಿ ಉಸುರ ಬಿಡಲಿಲ್ಲ!" ತಾವೂ ಎರಡು ಕೈ ಎತ್ತಿ, ಬೆರಳು ಅಗಲಿಸಿ ತೋರಿಸಿದರು. ಅವರ ಕಣ್ಣಲ್ಲಿ ನೀರು. ನನಗೆ ಮೈಯೆಲ್ಲ ಉರಿದುಹೋಯಿತು.

"ಸಾಕ ಮಾಡ್ರಿ ಅತ್ತಿ. ಸೀರಿ ನಂದು, ಹೊಲಗಿ ನಂದು, ಗಂಡನೂ ನನ್ನವನ. ನೋಡಿ ಬಂದವರು ನೀವು. ನಾ ಏನ್ ನೋಡಿದ್ನಿ?"

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕೈ ಕೆಳಗಿಳಿಸಿ, ಪಡಸಾಲೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನಿಮ್ಮ ಮಾವನೂ ಹೆಣ್ಣು ವೇಷ ಹಾಕತಿದ್ರು. ಹತ್ತು ವರ್ಷ ಹಾಕಿದ್ರು. ನೋಡಾಕ ಯಮಕನಮರಡಿಯಿಂದ ಮಂದಿ ಬರತಿದ್ರು. ನಾ ಒಂದಿನಾನೂ ನೋಡಿಲ್ಲ. ನಮ್ಮತ್ತಿ ಬಿಡಲಿಲ್ಲ."

ಹಾಗಿದ್ದರೆ ನನ್ನನ್ನೇಕೆ ಬಿಟ್ಟು ಹೋದಿರಿ, ಗೊತ್ತಿದ್ದೂ ಗೊತ್ತಿದ್ದೂ? ನಾನು ಇದನ್ನು ಬಾಯಿಬಿಟ್ಟೇ ಕೇಳಿದೆ. ಅವರಿಗೆ ಅದೊಂದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ನನ್ನ ತಲೆ ಸವರಿ, ಮನಸಾರೆ ಹರಸಿದರು.

"ನಿನಗೂ ಒಂದು ಗಂಡು ಹುಟ್ಲಿ ಯವ್ವಾ. ಅವ ವೇಷ ಹಾಕಿದಾಗ ಕಣ್ಣತುಂಬ ನೋಡೂವಂತಿ."

ಮುಂದಿನ ವರ್ಷ ಗಿರಣಿಯಲ್ಲಿ ಪಾಳಿ ಬದಲಾಗಿ ನಮ್ಮವರು ತಾಲೀಮು ಬಿಟ್ಟರು, ಮತ್ತೆಂದೂ ಬಣ್ಣ ಹಚ್ಚಲಿಲ್ಲ. ನನಗೆ ಹುಟ್ಟಿದ್ದು ಮೂರೂ ಹೆಣ್ಣು.