ಬೇರೊಬ್ಬನ ಎದೆಯ ಚಿತ್ರ

ನಾನು ಸಂಡೂರಿನ ಹತ್ತಿರ ಲಾರಿ ತೂಗುವ ಒಂದು ವೇಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತೇನೆ. ಅಕ್ಕನ ಗಂಡ, ನನ್ನ ಭಾವ, ಅಲ್ಲಿಯೇ ಅದಿರಿನ ಲಾರಿ ಓಡಿಸುತ್ತಿದ್ದರು.

ಕಳೆದ ವರ್ಷ ಚಾಲಕರ ತಪಾಸಣೆಗೆ ಎಕ್ಸ್-ರೇ ವ್ಯಾನ್ ಬಂತು. ಎದೆಯ ಚಿತ್ರ ನೋಡಿ ಹೃದಯ ಊದಿದೆಯೋ ಇಲ್ಲವೋ ಎಂದು ಕಂಪ್ಯೂಟರೇ ಹೇಳುತ್ತಿತ್ತು. ಕೆಂಪು ಗುರುತು ಬಿದ್ದವರು ಡಾಕ್ಟರಿಗೆ ತೋರಿಸುವವರೆಗೆ ಗಣಿಯೊಳಗೆ ಲಾರಿ ಒಯ್ಯುವಂತಿರಲಿಲ್ಲ.

ಭಾವನಿಗೆ ಆಗಲೇ ಕ್ಯಾಬಿನ್ ಹತ್ತಿದರೆ ಏದುಸಿರು ಬರುತ್ತಿತ್ತು. ಅದು ಲಾರಿಗಳ ಸೂಪರ್‌ವೈಸರ್‌ಗೂ ಗೊತ್ತಿತ್ತು. ಲಾರಿ ನಿಲ್ಲಬಾರದೆಂದು ಅವನು ಗಾದಿಗನೂರಿನ ಗಟ್ಟಿಮುಟ್ಟಾದ ಹಮಾಲನೊಬ್ಬನಿಗೆ ಭಾವನ ಖಾಕಿ ಅಂಗಿ ತೊಡಿಸಿ, ಅವರ ಗುರುತಿನ ಚೀಟಿ ಕೊರಳಿಗೆ ಹಾಕಿ ಒಳಗೆ ಕಳಿಸಿದ. ಆಮೇಲೆ ಅವನಿಗೇ ಇನ್ನೊಬ್ಬ ಚಾಲಕನ ಅಂಗಿ, ಮತ್ತೊಬ್ಬನದು. ವ್ಯಾನಿನವರು ಚೀಟಿಯ ಹೆಸರು ನೋಡಿದರು, ಮುಖ ನೋಡಲಿಲ್ಲ.

“ಲೇ, ಎಷ್ಟ್ ಮಂದಿ ಎದಿ ಹೊತ್ಕೊಂಡ್ ತಿರಗ್ತಿಯಲೇ?” ಎಂದು ಚಾಲಕರು ನಗುತ್ತ ಅವನಿಗೆ ಮಿರ್ಚಿ ಬಜ್ಜಿ ಕೊಡಿಸಿದರು. ನನಗೂ ಒಂದು ಕೊಟ್ಟರು. ಬಾಯಿಗಿಟ್ಟೆ. ಗೋಡೆಯ ಹಿಂದೆ ಹೋಗಿ ಉಗಿದೆ.

ಅದಕ್ಕಿಂತ ಹೇಸಿಗೆ ಹುಟ್ಟಿಸಿದ್ದು ಆಮೇಲಿನದು. ಭಾವ ತಮ್ಮ ಹೆಸರಿಗೆ ಬಂದ ಆ ರಿಪೋರ್ಟನ್ನು ಅಕ್ಕನಿಗೆ ತೋರಿಸಿದರು. “ನೋಡು, ನಾರ್ಮಲ್ ಐತಿ. ಇನ್ನ ದವಾಖಾನಿ ದವಾಖಾನಿ ಅನಬ್ಯಾಡ.” ಮೊದಲು ಸುಳ್ಳೆಂದು ಗೊತ್ತಿದ್ದೇ ಹೇಳುತ್ತಿದ್ದರು. ಬರಬರುತ್ತ ತಾವೇ ನಂಬಿಬಿಟ್ಟರು. ಕಾಲು ಬಾತರೆ, “ಕುಂತು ಕುಂತು ಬಾತಾವು. ಹಾರ್ಟ್ ಚಲೋ ಐತಿ,” ಎನ್ನುತ್ತಿದ್ದರು.

ಮಲಗಿದರೆ ಉಸಿರು ಸಿಗದಂತಾದಾಗ ನಾನು ಅವರನ್ನು ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದೆ. “ಹಿಂದ ಏನರ ಟೆಸ್ಟ್ ಮಾಡ್ಸೀರೇನ್ರಿ?” ಎಂದು ಡಾಕ್ಟರಮ್ಮ ಕೇಳಿದರು. ಭಾವ ಜೇಬಿನಿಂದ ಅದೇ ರಿಪೋರ್ಟ್ ತೆಗೆದು ಎರಡೂ ಕೈಯಲ್ಲಿ ಕೊಟ್ಟರು. ಅವರು ಓದಿದರು. “ಹಾರ್ಟ್ ಸೈಜ್ ಸರಿ ಐತಲ್ರಿ. ದೂಳಿನ ದಮ್ಮು ಇರಬೇಕು,” ಎಂದು ಔಷಧಿ ಬರೆಯತೊಡಗಿದರು.

“ಮೇಡಂ, ಅದು ಇವರ ಎದಿ ಅಲ್ರಿ,” ಎಂದೆ. ನಡೆದದ್ದನ್ನೆಲ್ಲ ಹೇಳಿದೆ.

“ನನ್ನ ಹೊಟ್ಟಿ ಮ್ಯಾಲೆ ಹೊಡದ್ಯಲ್ಲಲೇ,” ಎಂದರು ಭಾವ.

ಹೃದಯದ ಎಕೋ ಸ್ಕ್ಯಾನ್ ಮಾಡುವಾಗ ಡಾಕ್ಟರಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಹಾರ್ಟ್ ಭಾಳ ಸೋತೈತ್ರಿ. ಇವತ್ತೇ ಅಡ್ಮಿಟ್ ಮಾಡ್ರಿ,” ಎಂದರು. ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಭಾವನ ಫೋನ್ ಬಡಿದುಕೊಂಡಿತು. ಎತ್ತಿದೆ. ಸೂಪರ್‌ವೈಸರ್. ದನಿ ಆ ಕೋಣೆಗೆಲ್ಲ ಕೇಳಿಸುವಷ್ಟು ಜೋರಾಗಿತ್ತು.

“ಲೋಡ್ ನಿಂತೈತಿ. ನಾರ್ಮಲ್ ಅಂತ ಕಂಪ್ಯೂಟರೇ ಹೇಳೈತಲ್ಲ, ಮತ್ತೇನ್ ನಾಟಕ?”

ಹಮಾಲನಿಗೆ ಅಂಗಿ ತೊಡಿಸಿದ್ದ ಅದೇ ಮನುಷ್ಯ ಹೀಗೆ ಕೇಳುತ್ತಿದ್ದ. ಭಾವ ಎದೆಯ ಮೇಲಿನ ಜೆಲ್ಲನ್ನೂ ಒರೆಸಿಕೊಳ್ಳದೆ ಮೊಣಕೈ ಊರಿ ಏಳತೊಡಗಿದರು.

“ಸಂಜೀಕ ಬರ್ತೀನಂತ ಹೇಳಲೇ.”

ನಾನು ಫೋನ್ ಕಟ್ ಮಾಡಿ, ಅವರ ಎರಡೂ ಭುಜ ಅದುಮಿ ಹಿಡಿದೆ.